ಅಚ್ಚಿನ ಮನೆಯ ಮೇಲೆ ಮಣ್ಣಿನ ಮಾಳಿಗೆ

ಮೊದಲ ಗೋಡೆ ಆ ಊರಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ಜೋಳದ ಕಣಿಕೆಯ ಹಾಸಿನ ಮೇಲೆ ಮಲಗಿಕೊಂಡು. ಬಸವನ ಬಾಗೇವಾಡಿಯಿಂದ ಹೊರಟ ಲಾರಿ ಮಸೂತಿ ಊರು ದಾಟಿ ಸ್ವಲ್ಪ ದೂರಕ್ಕೇ ಎರೆ ಮಣ್ಣಿನಲ್ಲಿ ಹೂತು ನಿಂತಿತ್ತು. ಉಳಿದ ದಾರಿಗೆ ಊರವರ ಗಾಡಿಗಳನ್ನು ಕೇಳಿ ತಂದೆವು. ಗಾಡಿಯ ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಾಯಿಗಳು, ಎಲ್ಲರಿಗಿಂತ ಹಿಂದೆ ಬಿಸಿಲಿಗೆ ಕೊಡೆ ಹಿಡಿದ ನಾನು. "ಗ್ವಾಡಿ ಬಂತು, ಗ್ವಾಡಿ ಬಂತು" ಎಂದು ಓಣಿಯೆಲ್ಲ ಕೂಗಿತು. ಮದುವಣಗಿತ್ತಿ ಬಂದಿದ್ದರೂ ಅಷ್ಟು ಮಂದಿ ಸೇರುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಬಾಗೇವಾಡಿಯಲ್ಲಿ ಓವರ್‌ಸಿಯರ್. ನಮ್ಮ ಡೋಣಿ ಹೊಳೆಯ ಬಗ್ಗೆ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತಿದೆ. ಆ ವರ್ಷದ ಹಿಂಗಾರಿಯಲ್ಲಿ ಡೋಣಿ ಓಣಿಯೊಳಗೇ ಹರಿದಿತ್ತು. ಹಳ್ಳದ ದಂಡೆಯ ಕೆಳಗಿನ ಓಣಿಯಲ್ಲಿ ಕಲ್ಲು ಮಣ್ಣಿನ ಗೋಡೆಗಳು ನೀರು ಕುಡಿದು ಒಂದೊಂದಾಗಿ ಕುಸಿದವು. ಮನೆ ಕಳೆದುಕೊಂಡವರು ಶಾಲೆಯ ವರಾಂಡದಲ್ಲಿ ಒಲೆ ಹೂಡಿಕೊಂಡು ಕುಳಿತಿದ್ದರು. ಹಳೆಯ ರೀತಿಯಲ್ಲಿ ಮನೆ ಕಟ್ಟಬೇಕೆಂದರೆ ಕಲ್ಲು ಒಡೆಯಬೇಕು, ಮಣ್ಣು ಕಲಸಿ ಕೊಳೆಯಲು ಬಿಡಬೇಕು, ಬಡಿಗನ ದಾರಿ ಕಾಯಬೇಕು. ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಿಜಾಪುರದ ನಮ್ಮ ಎಂಜಿನಿಯರ್ ಸಾಹೇಬರು ಮೈಸೂರು ಕಡೆಯವರು. ಸಿಂದಗಿಯಲ್ಲಿ ಒಂದು ಗೋದಾಮು ಕಟ್ಟಲು ಮಾಡಿಸಿದ್ದ ಕಬ್ಬಿಣದ ಅಚ್ಚುಗಳು ಕೆಲಸ ಮುಗಿದು ತುಕ್ಕು ಹಿಡಿಯುತ್ತಿರುವುದು ಅವರ ನೆನಪಿಗೆ ಬಂತು. ಆ ಅಚ್ಚುಗಳಲ್ಲಿ ಕಾಂಕ್ರೀಟಿನ ಕಂಬ, ಗೋಡೆಯ ಹಲಗೆ, ಸೂರಿನ ಹಲಗೆ ಎರಕ ಹೊಯ್ದು, ಊರಿಗೆ ಒಯ್ದು, ಅಲ್ಲಿ ಜೋಡಿಸುವುದು. ಮನೆಗೊಂದು ಕೋಣೆ, ಒಂದು ಅಡುಗೆಯ ಮೂಲೆ, ಮುಂದೆ ಸಣ್ಣ ಪಡಸಾಲೆ. ಸಂಸಾರ ಬೆಳೆದರೆ ಅದೇ ಅಚ್ಚಿನ ಇನ್ನೊಂದು ಕೋಣೆಯನ್ನು ಪಕ್ಕಕ್ಕೆ ಸೇರಿಸಬಹುದು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನೋ ಗಾದಿ ಇನ್ನ ಅರ್ಧಾನ ಉಳೀತು" ಎಂದು ನಾನು ಕಚೇರಿಯಲ್ಲಿ ಎಲ್ಲರನ್ನೂ ನಗಿಸಿದ್ದೆ. ನನಗೆ ಆ ಮನೆಗಳ ಮೇಲೆ ಅಷ್ಟು ನಂಬಿಕೆ ಇತ್ತು.

ಕೆಲಸ ಶುರುವಾಗಿದ್ದು ನೆಲದಿಂದ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಂಬ ನಿಲ್ಲಿಸಿದರೆ ಒಂದೇ ವರ್ಷದಲ್ಲಿ ಸಂದುಗಳೆಲ್ಲ ಬಾಯಿ ಬಿಡುತ್ತವೆ. ಹಾಗಾಗಿ ಗಟ್ಟಿ ಗರಸಿನ ನೆಲ ಸಿಗುವವರೆಗೆ ತಗ್ಗು ತೋಡಿಸಿದೆ. ಮರಳು, ಗರಸು ತುಂಬಿ ನೀರು ಹೊಯ್ದು ಬಡಿಸಿ, ಅದರ ಮೇಲೆ ಕಂಬ ಹೂಡಿಸಿದೆ. ಪ್ರತಿ ಕಂಬದ ಪಕ್ಕಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ತೋಡು ಇತ್ತು. ಮೂರು ಬೊಂಬುಗಳನ್ನು ಮುಕ್ಕಾಲಿಯಂತೆ ನಿಲ್ಲಿಸಿ, ಸರಪಳಿ ರಾಟೆ ಕಟ್ಟಿ, ಗೋಡೆಯ ಹಲಗೆಯನ್ನು ಮೇಲೆತ್ತಿ ಆ ತೋಡಿನೊಳಗೆ ಇಳಿಸಬೇಕು. ಒಂದರ ಮೇಲೊಂದು ಹಲಗೆ ಕುಳಿತರೆ ಗೋಡೆ ಸಿದ್ಧ. ಆಳುಗಳನ್ನು ನಡೆಸುವ ನಮ್ಮ ಮುಕಾದಮ ಇಂಡಿ ಕಡೆಯವನು, ಬಾವಿ ಕಟ್ಟುವ ಕೆಲಸದಲ್ಲಿ ಪಳಗಿದವನು. ರಾಟೆಯ ಕೆಳಗೆ ನಿಂತು ಅವನು ಕೂಗುತ್ತಿದ್ದ: "ಎತ್ರಿ... ನಿಲ್ರಿ... ಹಂ, ಈಗ ಬಿಡ್ರಿ, ಸಾವಕಾಶ, ಮೊಸರಿನ ಗಡಿಗಿ ಇಟ್ಟಂಗ."

ಮೊದಲ ಕಂತಿನ ಹಲಗೆಗಳು ತೋಡಿನೊಳಗೆ ಇಳಿಯಲೇ ಇಲ್ಲ. ಅಚ್ಚಿನ ಒಂದು ಬದಿ ಸಿಂದಗಿಯಿಂದ ಬರುವಾಗ ಸೊಟ್ಟಗಾಗಿತ್ತು. ಹಲಗೆಯ ಅಂಚು ಅರ್ಧ ಬೆರಳು ದಪ್ಪವಾಗಿ ಬಂದಿತ್ತು. ಮುಕಾದಮ ಉಳಿ ತಗೊಂಡು ಕೆತ್ತಲು ಹೋದ, ಮೂಲೆ ಮುರಿದು ಅವನ ಕಾಲ ಬಳಿಯೇ ಬಿತ್ತು. ಆ ಕಂತನ್ನು ಪೂರ್ತಿ ತಿರಸ್ಕರಿಸಿ, ಅಚ್ಚು ನೆಟ್ಟಗೆ ಮಾಡಿಸಿ, ಮತ್ತೆ ಎರಕ ಹೊಯ್ಸಿದೆ. ಊರವರು ಮುಸಿಮುಸಿ ನಕ್ಕರು. ನನಗೆ ಸಿಟ್ಟು ಬೇಗ ಬರುತ್ತದೆ. ನಗುವವರನ್ನು ಬಿಟ್ಟು ಸುಮ್ಮನಿದ್ದ ಮುಕಾದಮನನ್ನು ಬೈದೆ.

ಓಣಿಯ ಹಿರಿಯರೊಬ್ಬರು ದಿನವೂ ಬಂದು ಬೇವಿನ ಮರದ ಕೆಳಗೆ ಕುಳಿತು ನೋಡುತ್ತಿದ್ದರು. ಬಿದ್ದ ಮನೆಗಳಲ್ಲಿ ದೊಡ್ಡದು ಅವರದೇ, ಏಳಂಕಣದ್ದು. ಎರಡು ಸಾಲು ಕಂಬಗಳ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಎನ್ನುತ್ತಾರೆ. ಮನೆಯ ಅಳತೆ ಹೇಳುವುದೇ ಅದರಿಂದ. ಆ ಮನೆಯ ತೊಲೆ ಕಂಬಗಳನ್ನು ಕೆಸರಿನಿಂದ ಎತ್ತಿಸಿ, ತೊಳೆಸಿ, ಅದೇ ಮರದ ನೆರಳಿಗೆ ಒಟ್ಟಿಸಿದ್ದರು. ಒಂದು ದಿನ ಕೇಳಿದರು:

"ಸಾಹೇಬ್ರ, ನಿಮ್ಮ ಈ ಮನಿಯಾಗ ಅಂಕಣ ಎಷ್ಟ್ರಿ?"

"ಅಂಕಣ ಇಲ್ರಿ ಯಜಮಾನ್ರ. ನಡುವ ಕಂಬನ ಇಲ್ಲ. ಒಂದ ಕೋಣಿ."

"ಅಂಕಣ ಇಲ್ಲಂದ್ರ ಅದು ಮನಿ ಹೆಂಗ ಆಕ್ಕೈತ್ರಿ? ಪೆಟಗಿ ಅನ್ರಿ."

ಅಂದಿನಿಂದ ನನ್ನ ಮನೆಗಳಿಗೆ ಪೆಟಗಿ ಮನಿ ಎಂದೇ ಹೆಸರಾಯಿತು. ನಾನು ಬಿಡಲಿಲ್ಲ. ಇದು ಹೊಸ ಕಾಲದ ಮನೆ, ಇಂದು ಇಲ್ಲಿ ಜೋಡಿಸಬಹುದು, ನಾಳೆ ಬಿಚ್ಚಿ ಬೇರೆ ಕಡೆ ಒಯ್ಯಬಹುದು, ನಿಮ್ಮ ಮನೆ ಹಾಗೆ ಬರುತ್ತದೆಯೇ ಎಂದು ಕೇಳಿದೆ. ಹಿರಿಯರು ಎದ್ದು ಹೋಗಿ ಒಟ್ಟಿದ್ದ ಒಂದು ತೊಲೆಯ ತುದಿಯನ್ನು ಅಂಗೈಯಿಂದ ಒರೆಸಿದರು. ಅಲ್ಲಿ ಉಳಿಯಿಂದ ಎಳೆದ ಮೂರು ಗೆರೆ ಇತ್ತು. ಕಂಬದ ತಲೆಗೆ ಕೂರುವ ಬೋದಿಗೆಯ ಮೇಲೂ ಮೂರು ಗೆರೆ.

"ನಮ್ಮ ಅಜ್ಜ ಈ ಮನಿ ಹೊರ್ತಿ ಊರಾಗಿಂದ ಬಿಚ್ಚಿ ಗಾಡಿ ಮ್ಯಾಲ ತಂದಾನ್ರಿ. ಗೆರಿಗೆ ಗೆರಿ ಕೂಡಸಿದ್ರ ಮುಗೀತು. ಇನ್ನೊಮ್ಮಿ ಕೂಡಸ್ತೇನಿ ನಾನು. ಅಲ್ಲೀತನಕ ನಿಮ್ಮ ಪೆಟಗ್ಯಾಗ ಇರ್ತೇವಿ."

ಜೋಡಿಸುವ ಮನೆ ನಾವೇ ತಂದ ಹೊಸ ವಿದ್ಯೆ ಎಂದುಕೊಂಡಿದ್ದವನಿಗೆ ಆ ಗೆರೆಗಳು ಸ್ವಲ್ಪ ಚುಚ್ಚಿದವು.

ಕಡೆಗೆ ಸೂರು. ಸೂರಿನ ಹಲಗೆಗಳು ತೆಳ್ಳಗಿದ್ದವು. ತಮ್ಮ ಭಾರ, ಮೇಲಿನ ಗಾರೆ, ಅಪರೂಪಕ್ಕೆ ಹತ್ತುವ ಒಬ್ಬ ಮನುಷ್ಯ, ಇಷ್ಟನ್ನು ಹೊರುವ ಲೆಕ್ಕಕ್ಕೆ ಅವನ್ನು ಮಾಡಿದ್ದೆವು. ಮೇಲೆ ಕಾಳಿನ ಚೀಲ ಇಡಬೇಡಿ, ಗುಂಪಾಗಿ ಹತ್ತಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದೆವು. ಎಲ್ಲರೂ ಹೌದ್ರಿ ಎಂದರು, ಹಾಗೆಯೇ ನಡೆದುಕೊಂಡರು ಕೂಡ. ಯುಗಾದಿಗೆ ಮೊದಲೇ ಶಾಲೆಯ ವರಾಂಡ ಖಾಲಿಯಾಯಿತು. ನನ್ನನ್ನು ಮುದ್ದೇಬಿಹಾಳದ ಕಡೆ ಒಂದು ಸಣ್ಣ ಸೇತುವೆಯ ಕೆಲಸಕ್ಕೆ ಹಾಕಿದರು. ಮನೆಗಳ ಕೆಲಸ ಮುಗಿಯಿತೆಂದೇ ತಿಳಿದು ಹೋದೆ.

ಮಳೆಗಾಲಕ್ಕೆ ಮೊದಲು ಗೋಡೆಗಳ ಸಂದು ನೋಡಿಕೊಂಡು ಬಾ ಎಂದು ಸಾಹೇಬರು ಹೇಳಿ ಕಳಿಸಿದರು. ರೋಹಿಣಿ ಮಳೆಯ ಹೊತ್ತು, ಆದರೆ ಇನ್ನೂ ಹನಿ ಬಿದ್ದಿರಲಿಲ್ಲ. ಮುಕಾದಮನನ್ನೂ ಇಬ್ಬರು ಆಳುಗಳನ್ನೂ ಕರೆದುಕೊಂಡು ಹೋದೆ. ಊರ ಮುಂದಿನ ಏರು ಹತ್ತಿ ನಿಂತಾಗ ನನ್ನ ಮನೆಗಳು ಕಾಣಲಿಲ್ಲ. ಬೆಳ್ಳಗಿನ ಸಾಲು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ. ಇಡೀ ಊರು ಒಂದೇ ಬಣ್ಣವಾಗಿತ್ತು. ಮುಕಾದಮ ನನ್ನ ಮೊಳಕೈ ಹಿಡಿದ.

"ಸಾಹೇಬ್ರ, ಮಾಳಗಿ ನೋಡ್ರಿ. ಮಣ್ಣ ಹಾಕ್ಯಾರ."

ನಮ್ಮ ಕಡೆ ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮೊದಲು ಹೊಸದಾಗಿ ಹಾಳುಮಣ್ಣು ಹಾಕುವುದು ಒಲೆ ಹೊತ್ತಿಸುವಷ್ಟೇ ಸಹಜ. ಸವುಳು ನೆಲದ, ಅಂದರೆ ಉಪ್ಪು ನೆಲದ, ಆ ಬೂದು ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ, ಬಿಸಿಲನ್ನೂ ಬಿಡುವುದಿಲ್ಲ. ಆದರೆ ಅದನ್ನು ಹೊರಲು ಆ ಮನೆಗಳಲ್ಲಿ ತೊಲೆ, ಜಂತಿ, ಕಂಬಗಳಿರುತ್ತವೆ. ನನ್ನ ಮನೆಗಳ ಮೇಲೆ ಒಂದೊಂದು ಗೇಣು ಮಣ್ಣು, ಸುತ್ತ ಒಡ್ಡು ಕಟ್ಟಿ, ಸಮ ಮಾಡಿ, ಬಡಿದು ನುಣುಪಾಗಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ನಾನು ಏರಿನಿಂದ ಓಣಿಗೆ ಓಡಿ ಇಳಿದೆ.

ಹಿರಿಯರು ಎದುರಾದರು. ನಾನು ನಮಸ್ಕಾರವನ್ನೂ ಮಾಡದೆ ಕೂಗಾಡಿದೆ.

"ಏನ್ ಮಾಡೀರಿ ಯಜಮಾನ್ರ ಇದು? ಸಿಮೆಂಟಿನ ಸೂರು ಸೋರತೈತೇನು?"

"ಸೋರೂದಿಲ್ಲ, ಖರೆ ಐತಿ. ಸುಡತೈತಿ. ಹಂಚಿನ ಮ್ಯಾಲ ರೊಟ್ಟಿ ಬೆಂದಂಗ ಮಂದಿ ಬೇಯಾಕತ್ತಿದ್ರು. ಚೀಲ ಇಡಬ್ಯಾಡ್ರಿ ಅಂದ್ರಿ, ಇಟ್ಟಿಲ್ಲ. ಮಣ್ಣ ಹಾಕಬ್ಯಾಡ್ರಿ ಅಂತ ಯಾರ ಅಂದ್ರು?"

ಯಾರೂ ಅಂದಿರಲಿಲ್ಲ. ನಕ್ಷೆ ಬರೆದವರು ಮೈಸೂರು ಕಡೆಯವರು, ಮಾಳಿಗೆಯ ಕೆಳಗೆ ಹುಟ್ಟಿ ಬೆಳೆದ ನಮಗೂ ಸಿಮೆಂಟಿಗೆ ಮಣ್ಣು ಹೊರಿಸುತ್ತಾರೆಂದು ಹೊಳೆದಿರಲಿಲ್ಲ. ಹಿರಿಯರ ಮನೆಯೊಳಗೆ ಕಾಲಿಟ್ಟೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತಂಪು. ಅಷ್ಟು ತಂಪು ನಾನು ಆ ಮನೆಗೆ ಕೊಟ್ಟಿರಲಿಲ್ಲ.

ಸೂರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರ ಎಳೆದು ಹಿಡಿಸಿದೆ. ಹಲಗೆಗಳು ನಡುವೆ ಒಂದು ಬೆರಳು ಜೋತಿದ್ದವು. ಕೆಳಮೈಯಲ್ಲಿ ಕೂದಲಿನಂಥ ಬಿರುಕುಗಳು. ಒಣ ಮಣ್ಣಿಗೇ ಹೀಗಾದರೆ ಹಸಿ ಮಣ್ಣಿಗೆ ಏನಾದೀತು ಎಂಬುದಕ್ಕೆ ಹೆಚ್ಚಿನ ಲೆಕ್ಕ ಬೇಕಿರಲಿಲ್ಲ. ಹೊರಗೆ ಬಂದು ನೋಡಿದರೆ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಊರೆಲ್ಲ ಆ ಮೋಡವನ್ನು ಆಸೆಯಿಂದ ನೋಡುತ್ತಿತ್ತು, ನಾನೊಬ್ಬ ಹೆದರಿ ನೋಡುತ್ತಿದ್ದೆ.

ಎಲ್ಲರೂ ಮನೆ ಬಿಟ್ಟು ಶಾಲೆಗೆ ನಡೆಯಿರಿ ಎಂದೆ. ನನ್ನ ಮುಖ ನೋಡಿಯೋ ಏನೋ, ಗೊಣಗುತ್ತ ಹೊರಟರು. ಮಕ್ಕಳು, ಮುದುಕರು, ಕಟ್ಟಿದ್ದ ಕರುಗಳು ಎಲ್ಲ ಹೊರಬಂದವು. ಕೊನೆಯ ಮನೆಯಿಂದ ಮಾತ್ರ ಯಾರೂ ಬರಲಿಲ್ಲ. ಬಾಗಿಲಿಗೆ ಗೋಣಿತಟ್ಟು ಕಟ್ಟಿತ್ತು, ಅದರ ಸಂದಿಯಿಂದ ಲೋಬಾನದ ಹೊಗೆ ಬರುತ್ತಿತ್ತು. ಸೂರಿನ ಮಣ್ಣು ಉಳಿದೆಲ್ಲ ಮನೆಗಳಿಗಿಂತ ದಪ್ಪವಾಗಿತ್ತು.

ಆ ಮನೆಯ ಯಜಮಾನತಿ ಹೊಸ್ತಿಲಲ್ಲಿ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಹಿರಿಯರ ಹೊಲದಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಕಿರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಒಳಗೆ ಮಲಗಿದ್ದಳು. ಕೂಸು ಹುಟ್ಟಿ ವಾರವೂ ತುಂಬಿರಲಿಲ್ಲ. ಮಲಗುವ ಹಗ್ಗದ ಹೊರಸಿನ ಕೆಳಗೆ ಕೆಂಡ ಇಟ್ಟು, ಗಾಳಿ ಬರದಂತೆ ಮುಚ್ಚಿದ ಕೋಣೆಯಲ್ಲಿ ಬಾಣಂತಿ ಬೆಂದು ಹೋಗಬಾರದೆಂದು ಓಣಿಯ ಹೆಂಗಸರೆಲ್ಲ ಆಕೆಯ ಮನೆಗೆ ಎರಡೆರಡು ಬುಟ್ಟಿ ಮಣ್ಣು ಹೆಚ್ಚಿಗೆ ಹೊತ್ತಿದ್ದರಂತೆ.

ಗಂಡಸರು ಆ ಕೋಣೆಗೆ ಕಾಲಿಡುವಂತಿಲ್ಲ. ದಾರವನ್ನು ತಟ್ಟಿನ ಸಂದಿಯಿಂದ ಒಳಗೆ ಕೊಟ್ಟು, ಹೇಗೆ ಹಿಡಿಯಬೇಕೆಂದು ಹೊರಗಿನಿಂದಲೇ ಹೇಳಿದೆ. ಯಜಮಾನತಿಯೂ ಒಳಗಿದ್ದ ಸೂಲಗಿತ್ತಿಯೂ ಹಿಡಿದರು.

"ನಡುವ ಎಷ್ಟ ಇಳದೈತಿ ನೋಡವ್ವ, ಬೆರಳ ಇಟ್ಟ ಹೇಳು."

"ಎರಡ ಬಟ್ಟ ಇಳದೈತ್ರಿ." ಸ್ವಲ್ಪ ತಡೆದು ಮತ್ತೆ ಅಂದಳು, "ಎರಡಕ್ಕಿಂತ ಒಂದೀಟ ಜಾಸ್ತಿನ ಐತಿ."

"ಹಂಗಾದ್ರ ಮಗಳನ್ನ ಈಗಿಂದೀಗ ಹೊರಗ ಕರಕೊಂಡ ಬಾರವ್ವ. ಮಳಿ ಬಂದ್ರ ಈ ಸೂರು ನಿಲ್ಲೂದಿಲ್ಲ."

ಗೋಣಿತಟ್ಟು ಸರಿಯಿತು. ಅವಳು ಹೊರಗೆ ಬಂದು ನನ್ನ ಎದುರಿಗೆ ನಿಂತಳು. ದನಿ ಏರಿಸಲಿಲ್ಲ.

"ಹ್ವಾದ ಹಿಂಗಾರಿಯಾಗ ಮನಿ ಬೀಳತೈತಿ ಅಂತ ನಿಮ್ಮಂಥವರ ಬಂದ ಹೇಳಿದ್ರು. ದೊಡ್ಡಾಕಿ ಬಾಣಂತಿ ಇದ್ಲು. ಮಳಿಯಾಗ ಸಾಲಿಗೆ ಹೊತಗೊಂಡ ಹ್ವಾದಿವಿ. ಮನಿ ಬಿತ್ತು, ಖರೆ. ನನ ಮಗಳಿಗೆ ಗಾಳಿ ಹೊಡದು ಸನ್ನಿ ಆಗಿ ಮೂರ ದಿನದಾಗ ಹ್ವಾದ್ಲು. ಕೂಸೂ ಹ್ವಾತು. ಈಕೀನ್ನ ನಾ ಹೊರಗ ತರೂದಿಲ್ಲ. ಬಿದ್ರ ಮೂವರ ಮ್ಯಾಲ ಬೀಳಲಿ."

ಗಾಳಿಯಿಂದ ಸನ್ನಿ ಬರುವುದಿಲ್ಲ ಎಂದು ಆಕೆಗೆ ತಿಳಿಹೇಳುವ ಹೊತ್ತು ಅದಲ್ಲ, ಹೇಳುವ ಬಾಯಿಯೂ ನನಗಿರಲಿಲ್ಲ. ಮುಕಾದಮ ನನ್ನನ್ನು ಪಕ್ಕಕ್ಕೆ ಕರೆದ.

"ನಾಕ ಮಂದಿ ಒಳಗ ಹೊಕ್ಕು ಹೊರಸ ಸಮೇತ ಎತ್ತಿ ತರೂಣ್ರಿ. ಬೈತಾರ, ಬೈಲಿ. ಜೀವ ಉಳದ ಮ್ಯಾಲ ಬೈಸ್ಕೊಂಡ್ರಾತು."

ಅವನು ಹೇಳಿದ್ದು ತಪ್ಪಲ್ಲ. ಯಾವ ಸಾಹೇಬರೂ ನನ್ನನ್ನು ಅದಕ್ಕಾಗಿ ಕೇಳುತ್ತಿರಲಿಲ್ಲ. ಮನೆಗೆ ಹಾನಿ, ಮಂದಿ ಸುರಕ್ಷಿತ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಹಸಿ ಮೈಯವಳನ್ನು ಗಾಳಿಗೆ ಎಳೆದು ತಂದು, ಮುಂದೆ ಆಕೆಗೆ ಏನಾದರೂ ಆದರೆ? ತಾಯಿ ಎರಡನೆಯ ಸಲ ಅದೇ ಶಾಲೆಯ ವರಾಂಡದಲ್ಲಿ ಕೂರಬೇಕು. ಮಣ್ಣು ಇಳಿಸೋಣವೆಂದರೆ ಅದೂ ಆಗದು. ಎರಡು ಬೆರಳು ಜೋತ ಸೂರಿನ ಮೇಲೆ ಸಲಿಕೆ ಹಿಡಿದ ನಾಲ್ವರು ಹತ್ತಿದರೆ ಮಳೆಗೂ ಕಾಯದೆ ಅದು ಬೀಳುತ್ತಿತ್ತು. ಉಳಿದದ್ದು ಒಂದೇ ದಾರಿ: ಅವಳನ್ನು ಅಲ್ಲಿಯೇ ಬಿಟ್ಟು ಸೂರನ್ನು ಕೆಳಗಿನಿಂದ ಎತ್ತಿ ಹಿಡಿಯುವುದು. ಒಳಗೆ ಹೋಗಬಲ್ಲವರು ಹೆಂಗಸರು ಮಾತ್ರ. ಹಾಗಾದರೆ ಹೆಂಗಸರೇ ಮಾಡಲಿ ಎಂದು ನಿರ್ಧರಿಸಿದೆ.

ಸೂರಿನ ನಡುವೆ ಅಡ್ಡಲಾಗಿ ಒಂದು ತೊಲೆ, ಅದಕ್ಕೆ ಮೂರು ಕಂಬ. ಮರ ಇದ್ದದ್ದು ಇಡೀ ಓಣಿಯಲ್ಲಿ ಒಬ್ಬರ ಹತ್ತಿರ. ಹಿರಿಯರನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಹೇಳಿದೆ. ಅವರು ಒಟ್ಟಿದ ಮರಗಳ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

"ಹಂಗ ಇಡಾಕ ಬರೂದಿಲ್ಲೇನ್ರಿ? ಕಡೀಬೇಕಾ?"

"ಕಡೀಬೇಕ್ರಿ. ಕಂಬ ಉದ್ದ ಅದಾವು, ತೊಲೀನೂ ಉದ್ದ ಐತಿ."

"ಕಡದ್ರ ಅದು ತೊಲಿ ಅಲ್ರಿ, ಕಟಗಿ. ಮುಂದ ಗೆರಿ ಕೂಡೂದಿಲ್ಲ."

ದೂರದಲ್ಲಿ ಗುಡುಗಿತು. ಹಿರಿಯರು ಪಂಚೆ ಮೇಲೆ ಕಟ್ಟಿದರು.

"ಎತ್ತರ ಎಷ್ಟ ಬೇಕು ಹೇಳ್ರಿ. ಗರಗಸ ನಾನ ಹಿಡೀತೇನಿ, ನಿಮ್ಮ ಮಂದಿ ಹಿಡದ್ರ ಸೊಟ್ಟ ಕೊಯ್ತಾರ."

ನೆಲದಿಂದ ಸೂರಿನವರೆಗಿನ ಅಳತೆಯನ್ನು ಒಳಗಿನಿಂದ ದಾರದಲ್ಲಿ ಗಂಟು ಹಾಕಿ ತರಿಸಿದೆ. ತೊಲೆಯ ದಪ್ಪ, ಕೆಳಗಿಡುವ ಹಲಗೆಯ ದಪ್ಪ, ಬೆಣೆಗಳ ಜಾಗ ಇಷ್ಟನ್ನು ಕಳೆದು ಗುರುತು ಹಾಕಿದೆ. ಹಿರಿಯರು ಕೊಯ್ದರು. ಹಳೆಯ ಮರ, ಪುಡಿ ಕೆಂಪಗೆ ಉದುರಿತು. ಅವರ ಹೆಂಡತಿ, ಅಕ್ಕಪಕ್ಕದ ಇಬ್ಬರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. ಬಾಗಿಲವರೆಗೆ ಮರವನ್ನು ಗಂಡಸರು ತಂದೆವು, ಅಲ್ಲಿಂದ ಮುಂದಕ್ಕೆ ಅವರೇ ಎಳೆದುಕೊಂಡರು. ಗೋಣಿತಟ್ಟು ಮುಚ್ಚಿತು.

ಆಮೇಲಿನದೆಲ್ಲ ನನಗೆ ಕೇಳಿದ್ದು ಮಾತ್ರ, ಕಂಡದ್ದಲ್ಲ. ಗೋಡೆಗೆ ಆನಿಕೊಂಡು ನಿಂತು ಹೇಳುತ್ತ ಹೋದೆ. ಮೊದಲು ನೆಲಕ್ಕೆ ಹಲಗೆ ಹಾಕಿರಿ, ಕಂಬ ನೆಲದೊಳಗೆ ಇಳಿಯಬಾರದು. ಇಬ್ಬರು ಕಾಳಿನ ಚೀಲದ ಮೇಲೆ ನಿಂತು ತೊಲೆ ಎತ್ತಿ ಹಿಡಿಯಿರಿ. ನಡುವಿನ ಕಂಬ ಮೊದಲು. ಪ್ರತಿ ಕಂಬದ ಬುಡಕ್ಕೆ ಎರಡೆರಡು ಬೆಣೆ, ಎದುರುಬದುರು. ಈ ಕಡೆ ಒಂದು ಏಟು, ಆ ಕಡೆ ಒಂದು ಏಟು. ಸೂರನ್ನು ಎತ್ತಲು ಹೋಗಬೇಡಿ, ಬರೀ ಮುಟ್ಟಿ ಹಿಡಿದರೆ ಸಾಕು; ಜಾಸ್ತಿ ಬಡಿದರೆ ಹಲಗೆ ಮೇಲ್ಮುಖವಾಗಿ ಒಡೆಯುತ್ತದೆ.

ಏಟು ಬಿದ್ದವು. ಒಳಗಿನಿಂದ ಒಂದು ಎಳೆಯ ದನಿ ಕೇಳಿತು, "ಅವ್ವಾ, ಮಾರಿ ಮ್ಯಾಲ ಸಿಮಿಟ ಉದರಾಕತ್ತೈತಿ."

"ನಿಲ್ಲಸ್ರಿ!" ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಕೂಸು ಎದ್ದು ಅಳತೊಡಗಿತು. "ಕೂಸಿನ ಮ್ಯಾಲ ಬಾಗಿ ನಿಲ್ರಿ ಯಾರಾದ್ರೂ. ಯಾವ ಕಂಬದ ಹಂತ್ಯಾಕ ಉದರತು?"

ಬಾಗಿಲ ಕಡೆಯ ಕಂಬದ್ದು. ಅದರ ಬೆಣೆಯನ್ನು ಒಂದು ಕೂದಲು ಹಿಂದಕ್ಕೆ ತೆಗೆಸಿದೆ. ಆಚೆಯ ಕಂಬದ್ದನ್ನು ಬಿಗಿ ಮಾಡಿಸಿದೆ. ಸರಿಯಾಯಿತೋ ಇಲ್ಲವೋ ತಿಳಿಯಲು ನನಗಿದ್ದದ್ದು ಕಿವಿ ಒಂದೇ. ಭಾರ ಹೊತ್ತ ಕಂಬವನ್ನು ಬಡಿದರೆ ಒಂದು ದನಿ, ಸುಮ್ಮನೆ ನಿಂತ ಕಂಬಕ್ಕೆ ಇನ್ನೊಂದು. "ಒನಕೀಲೆ ಒಂದೊಂದ ಕಂಬ ಬಡೀರಿ" ಎಂದೆ. ಮೊದಲನೆಯದು ಬಿಗಿಯಾಗಿ ನುಡಿಯಿತು, ಎರಡನೆಯದೂ ನುಡಿಯಿತು. ಮೂರನೆಯದು ಪೊಳ್ಳಾಗಿ ಕೇಳಿತು. ಅದರ ಬೆಣೆಗೆ ಇನ್ನೊಂದೇಟು. ಮತ್ತೆ ಕಂಬ ಬಡಿಸಿದೆ. ಮೂರೂ ಒಂದೇ ದನಿಯಾದ ಮೇಲೆ ಕಣ್ಣು ಮುಚ್ಚಿ ಉಸಿರು ಬಿಟ್ಟೆ. ಮೊದಲ ಹನಿಗಳು ಆಗಲೇ ನನ್ನ ಕತ್ತಿನ ಮೇಲೆ ಬೀಳುತ್ತಿದ್ದವು.

ಮಳೆ ಹೊಡೆಯಿತು. ಅದನ್ನು ಮಳೆ ಎನ್ನುವುದಕ್ಕಿಂತ ಮುಗಿಲು ಹರಿದುಬಿತ್ತು ಎನ್ನಬೇಕು. ಮುಕಾದಮ ಶಾಲೆಗೆ ಬರ್ರಿ ಎಂದು ಎಳೆದ, ನಾನು ಹೋಗಲಿಲ್ಲ. ಕೊಡೆ ಗಾಳಿಗೆ ತಿರುವಿಹೋಯಿತು. ಅಂಗೈಯನ್ನು ಗೋಡೆಗೆ ಒತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಓಣಿಯ ನಡುವಿನ ಮನೆಯೊಂದರಿಂದ ಬಂದೂಕು ಸಿಡಿದಂಥ ಸದ್ದು, ಅದರ ಹಿಂದೆಯೇ ಮೆತ್ತಗೆ ಏನೋ ಕುಸಿದ ಸದ್ದು. ಬಾಗಿಲಿನಿಂದ ಮಣ್ಣಿನ ನೀರು ಹೊರಕ್ಕೆ ನುಗ್ಗಿತು. ಬೆಳಗ್ಗೆ ಆ ಮನೆಯಲ್ಲಿ ಐದು ಮಂದಿ ಇದ್ದರು.

"ಕಂಬ ಬಡಿಯವ್ವಾ" ಎಂದು ಗೋಡೆಗೆ ಬಾಯಿ ಹಚ್ಚಿ ಕೂಗಿದೆ. ಒಳಗಿನಿಂದ ಬಡಿದಳು. ಮೂರು ದನಿ. ಮಳೆ ನಿಲ್ಲುವವರೆಗೆ ನಾನು ಕೂಗುವುದು, ಅವಳು ಬಡಿಯುವುದು, ಇಷ್ಟೇ ನಮ್ಮಿಬ್ಬರ ಮಾತು. ನಡುನಡುವೆ ನನ್ನ ಕೂಗಿಗೂ ಕಾಯದೆ ಬಡಿಯುತ್ತಿದ್ದಳು, ನನಗೆ ಧೈರ್ಯ ಹೇಳುವವಳಂತೆ. ಹೊತ್ತು ಮುಳುಗುವ ಮೊದಲು ಮಳೆ ಹೊಳವಾಯಿತು. ತಟ್ಟು ಸರಿಸಿ ಅವಳು ಹೊರಬಂದು, ಗೋಡೆಗಂಟಿ ತೊಯ್ದು ನಿಂತಿದ್ದ ನನ್ನನ್ನು ನೋಡಿದಳು.

"ಕೂಸು ನಿದ್ದಿ ಹಚ್ಚೈತ್ರಿ. ನೀವ ಮಾರಿ ಒರಸ್ಕೋರಿ."

ನಾನು ಒರೆಸಿಕೊಂಡದ್ದು ಬರೀ ಮಳೆಯ ನೀರಲ್ಲ. ಅದು ಆಕೆಗೆ ಗೊತ್ತಾಗಿರಬೇಕು, ಒಳಗಿನಿಂದ ಒಂದು ಬಟ್ಟೆ ತಂದು ಕೊಟ್ಟಳು.

ಮುಂದಿನ ದಿನಗಳಲ್ಲಿ ಪ್ರತಿ ಮನೆಗೂ ಆಸರೆ ಕೊಟ್ಟು, ಗೋಡೆಯಿಂದ ಗೋಡೆಗೆ ಹಾಸಿದ ಹಲಗೆಗಳ ಮೇಲೆ ಕುಳಿತು ಅಂಚಿನಿಂದ ಒಳಕ್ಕೆ ಮಣ್ಣು ಕೆರೆದು ಇಳಿಸಿದೆವು. ಈಗ ಯಾರೂ ಬೇಡವೆನ್ನಲಿಲ್ಲ. ಮುರಿದ ಸೂರಿಗೆ ಹೊಸ ಹಲಗೆ ಬಂತು. ಬಿಸಿಲಿಗೆ ಕಣಿಕೆಯ ತಟ್ಟಿ ಹೆಣೆದು, ಸೂರಿನಿಂದ ಒಂದು ಗೇಣು ಎತ್ತರಕ್ಕೆ ಕಟ್ಟಿಸಿದೆ. ಮಣ್ಣಿನ ತಂಪು ಬರಲಿಲ್ಲ, ಆದರೆ ಮಲಗಬಹುದಿತ್ತು. ಆಸರೆಯ ಕಂಬಗಳನ್ನು ಒಂದೊಂದಾಗಿ ತೆಗೆಸಿ ಹಿರಿಯರಿಗೆ ಒಪ್ಪಿಸಿದೆ. ಕೊನೆಯ ಮನೆಯದು ಮಾತ್ರ ಉಳಿದಿತ್ತು, ಬಾಣಂತಿಯ ಕೋಣೆ ಎಂಬ ಕಾರಣಕ್ಕೆ.

ಪಂಚಮಿ ಹಬ್ಬ ಕಳೆದ ಮೇಲೆ ಸಾಹೇಬರು ಬಿಜಾಪುರದಿಂದ ಬಂದರು. ಬೆಂಗಳೂರಿನಿಂದ ದೊಡ್ಡವರು ಈ ಮನೆಗಳನ್ನು ನೋಡಲು ಬರುವವರಿದ್ದರು. ಆ ವೇಳೆಗೆ ಗಂಡಸರು ಕೊನೆಯ ಮನೆಯೊಳಗೆ ಹೋಗಬಹುದಿತ್ತು. ಹೊಸ್ತಿಲಲ್ಲಿ ಬಾಗಿ ನೋಡಿದ ಸಾಹೇಬರ ಹುಬ್ಬು ಗಂಟಾಯಿತು.

"ಈ ಕಂಬಗಳು ಇನ್ನೂ ಯಾಕಿವೆ ಇಲ್ಲಿ? ಮೇಲೆ ಭಾರ ಇಲ್ಲವಲ್ಲ ಈಗ. ನಕ್ಷೆಯಲ್ಲಿ ಇಲ್ಲದ್ದು ಇದ್ದರೆ ನೋಡೋರು ಸೂರಿಗೆ ಶಕ್ತಿ ಇಲ್ಲ ಅಂದ್ಕೋತಾರೆ. ಇವತ್ತೇ ತೆಗೆಸಿಬಿಡಿ."

ಲೆಕ್ಕದ ಪ್ರಕಾರ ಅವರದು ಸರಿ. ಮುಕಾದಮನ ಕೈಯಿಂದ ಸುತ್ತಿಗೆ ಇಸಿದುಕೊಂಡು ನಾನೇ ಒಳಗೆ ಹೋದೆ. ಗೋಡೆಯ ಹೊರಗಿನಿಂದ ಕೇಳಿಯೇ ತಿಳಿದಿದ್ದ ಕೋಣೆ ಅದು, ಅದರೊಳಗೆ ಈಗ ನಿಂತಿದ್ದೆ. ಹಿರಿಯರ ತೊಲೆಯಿಂದ ಎರಡು ಹಗ್ಗ ಇಳಿಬಿದ್ದಿದ್ದವು, ಹಗ್ಗಕ್ಕೆ ಮರದ ತೊಟ್ಟಿಲು. ಒಳಗೆ ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ತೊಟ್ಟಿಲ ಪಕ್ಕದಲ್ಲಿ ಅದರ ತಾಯಿ ಕುಳಿತಿದ್ದಳು. ದನಿಯಿಂದ ಮಾತ್ರ ಗೊತ್ತಿದ್ದ ಹುಡುಗಿ, ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು.

ಕೂಸಿನ ಅಜ್ಜಿ, ಅಂದು ಕಂಬ ಬಡಿದವಳು, ನನ್ನ ಕೈಯ ಸುತ್ತಿಗೆ ನೋಡಿದಳು, ನನ್ನನ್ನು ದಾಟಿ ಬಾಗಿಲಲ್ಲಿದ್ದ ಸಾಹೇಬರನ್ನು ನೋಡಿದಳು.

"ತಗೀರಿ ಸಾಹೇಬ್ರ, ನಿಮ್ಮ ಮನಿ. ಆದ್ರ ಮೊದಲ ಒಳಗ ಬರ್ರಿ. ಈ ತೊಟ್ಟಲ ಎಲ್ಲಿ ಕಟ್ಟೂದು, ಜಾಗಾ ತೋರಸ್ರಿ. ಆಮ್ಯಾಲ ತಗೀರಿ."

ಸಾಹೇಬರು ಬೂಟು ಕಳಚಿ ಒಳಗೆ ಬಂದರು. ತಲೆಯೆತ್ತಿ ಸೂರನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನೋಡಿದರು. ನುಣುಪಾದ ಹಲಗೆಗಳು, ಒಂದು ಮೊಳೆಯೂ ಇಲ್ಲ. ಮತ್ತೊಮ್ಮೆ ಆ ಕೊನೆಯಿಂದ ಈ ಕೊನೆಗೆ ನೋಡಿದರು. ಅವರಿಗೂ ಮಕ್ಕಳಿದ್ದರು.

"ಮುಂದಿನ ಎರಕದಲ್ಲಿ ನಡುವಿನ ಹಲಗೆಗೆ ಎರಡು ಕಬ್ಬಿಣದ ಕೊಂಡಿ ಹಾಕ್ಸಿ" ಎಂದರು ನನಗೆ, ಮೆಲ್ಲಗೆ. "ಎಷ್ಟು ಭಾರಕ್ಕೆ ಅಂತ ಲೆಕ್ಕ ಮಾಡಿ ತೋರಿಸಿ. ಈ ಕಂಬ ಇರಲಿ ಬಿಡಿ."

ಕೂಸು ಮುಲುಗಿತು. ತಾಯಿ ಕುಳಿತಲ್ಲಿಂದಲೇ ತೊಟ್ಟಿಲು ತೂಗಿದಳು. ತೊಲೆ ಸಣ್ಣಗೆ ಕಿರ್ ಎಂದಿತು. ಆ ಸದ್ದಿಗೆ ಬೆಚ್ಚಿ ಮೇಲೆ ನೋಡಿದವನು ಅಲ್ಲಿ ನಾನೊಬ್ಬನೇ.